ಜೊತೆಗಾರರಿಗೇ ಮೇಲ್ವಿಚಾರಕನಾದಾಗ: ಓದುಗರ ಸ್ಪಂದನ

ಕಾರ್ಕಳದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ಹೇಳಿಕೊಂಡಿದ್ದರು. ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ವಿಭಾಗದ ಮೇಲ್ವಿಚಾರಕರಾದ ಬಳಿಕ, ಅದುವರೆಗೆ ಜೊತೆಗೆ ಕುಳಿತು ಉಣ್ಣುತ್ತಿದ್ದ ಹೆಂಗಸರು ಇವರನ್ನು ಕಂಡೊಡನೆ ಮಾತು ನಿಲ್ಲಿಸುತ್ತಾರೆ, ಹೇಳಿದ ಕೆಲಸವೂ ಸಾಗುವುದಿಲ್ಲ. ಬಿಗಿಯಾಗಿರಬೇಕೋ ಸಲುಗೆಯಿಂದಿರಬೇಕೋ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಬ್ಯಾಂಕಿನ ನಗದು ಕೌಂಟರಿನಲ್ಲಿ ಹೊಸಬಳಾಗಿದ್ದಾಗ, ನಮ್ಮ ಅಧಿಕಾರಿಯೊಬ್ಬರು ಸಣ್ಣಪುಟ್ಟದಕ್ಕೂ ಗ್ರಾಹಕರ ಸಾಲಿನ ಎದುರಿಗೇ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಆ ಸಾಲಿನಲ್ಲಿ ನಮ್ಮ ನೆರೆಕರೆಯವರೂ ನಿಂತಿರುತ್ತಿದ್ದರು. ಕ್ರಮೇಣ ಶಾಖೆಯಲ್ಲಿ ಯಾರಿಗೆ ಸಂಶಯ ಬಂದರೂ ಅವರ ಬಳಿ ಕೇಳಲು ಹೋಗದೆ, ಆದದ್ದಾಗಲಿ ಎಂದು ಚೀಟಿಯನ್ನು ಮುಂದಕ್ಕೆ ಸಾಗಿಸುತ್ತಿದ್ದರು. ಅವರ ನಂತರ ಬಂದ ಅಧಿಕಾರಿ, ಒಂದು ಸಂಜೆ ನಗದು ತಾಳೆಯಾಗದಿದ್ದಾಗ ಷಟರ್ ಎಳೆಸಿ, ಕುರ್ಚಿ ತಂದು ನನ್ನ ಪಕ್ಕದಲ್ಲಿ ಕುಳಿತು, ನೋಟಿನ ಕಟ್ಟುಗಳಲ್ಲಿ ಅರ್ಧವನ್ನು ತಾವೇ ಎಣಿಸಿದರು. ವ್ಯತ್ಯಾಸ ಎಲ್ಲಿತ್ತೆಂಬುದು ಮರುದಿನ ಯಾರ ಕಿವಿಗೂ ಬೀಳಲಿಲ್ಲ. ಅವರು ಬಹಳ ಬಿಗಿಯ ಮನುಷ್ಯ. ನಮ್ಮೊಡನೆ ಹರಟೆಗೆ ನಿಂತವರೇ ಅಲ್ಲ. ಆದರೂ ಅವರು ಕೇಳಿಕೊಂಡಾಗ ನಾವು ರಜೆಯ ದಿನವೂ ಬಂದು ದುಡಿದಿದ್ದೇವೆ. ತಪ್ಪು ಕಂಡರೆ ಪಕ್ಕಕ್ಕೆ ಕರೆದು ಹೇಳಿ, ಸಹೋದರರೇ. ಇದನ್ನು ಮೊದಲಿನವರಿಗೆ ಯಾರಾದರೂ ತಿಳಿಸಿದ್ದರೆ ನನ್ನ ಎಳೆ ಪ್ರಾಯದ ಕೆಲವು ವರ್ಷಗಳು ಬೇರೆಯಾಗಿರುತ್ತಿದ್ದವು.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸುರತ್ಕಲ್

ಬಿಗಿಯಾಗಿದ್ದೂ ಮನುಷ್ಯರ ಮಾನ ಕಾಯಬಹುದೆಂಬುದನ್ನು ಈ ಪತ್ರ ತೋರಿಸುತ್ತದೆ. ಮುಂದಿನದು ಕಿರಿದು, ತುಸು ಖಾರ.

ನಿಮ್ಮ ಪತ್ರದ ತುಂಬ ನಿಮ್ಮದೇ ಬೇಸರವಿದೆ. ಆ ಹೆಂಗಸರ ಕಷ್ಟವೇನೆಂಬ ಒಂದು ಸಾಲೂ ಇಲ್ಲ. ಮೊದಲು ಅದನ್ನು ಕೇಳಿ ಬನ್ನಿ.
– ಓದುಗ, ಕಾಪು

ಮಲ್ಪೆಯ ಹಿರಿಯರೊಬ್ಬರು ಜನರನ್ನು ಉಳಿಸಿಕೊಳ್ಳುವ ಬಗೆಯನ್ನು ಬರೆದಿದ್ದಾರೆ.

ನಾನು ಮೀನುಗಾರಿಕೆ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥನಾಗಿದ್ದವನು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಕಲಾಸಿಗಳು (ಬೋಟಿನ ಕೆಲಸಗಾರರು) ಅವರವರ ಊರಿಗೆ ಹೋಗುತ್ತಾರೆ. ಪಾಲಿನ ಲೆಕ್ಕವನ್ನು ಎಲ್ಲರೆದುರು ಓದಿ, ಬಾಕಿ ಉಳಿಸದೆ ಕಳುಹಿಸಿದ ಬೋಟಿಗೆ ಆಗಸ್ಟಿನಲ್ಲಿ ಜನರನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.
– ಓದುಗ, ಮಲ್ಪೆ

ಕೊನೆಯ ಪತ್ರವನ್ನು ಬರೆದವರು ಇಂಥದೇ ಇನ್ನೊಂದು ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವರು.

ನಮ್ಮ ಕೂಲಿ ಸಿಪ್ಪೆ ತೆಗೆದ ತಿರುಳಿನ ತೂಕದ ಮೇಲೆ. ತಿರುಳು ತುಂಡಾದರೆ ಬೆಲೆ ಇಳಿಯುತ್ತದೆ, ಬೈಗುಳ ನಮಗೆ ಬೀಳುತ್ತದೆ. ಆದರೆ ಸರಿಯಾಗಿ ಒಣಗದ ತಿರುಳು ಬಂದ ದಿನ ಸಿಪ್ಪೆ ಬಿಟ್ಟುಕೊಡುವುದಿಲ್ಲ, ಉಗುರಿನ ಸಂದು ಉರಿಯುತ್ತದೆ, ಎಷ್ಟು ಜಾಗ್ರತೆ ಮಾಡಿದರೂ ಒಡೆಯುತ್ತದೆ. ಇದನ್ನು ಮಾಲಕರಿಗೆ ಹೇಳುವ ಧೈರ್ಯ ನಮಗಿಲ್ಲ. ನಮ್ಮ ಪರವಾಗಿ ನೀವು ಹೇಳಬೇಕು. ತೂಕವನ್ನು ನಮ್ಮ ಕಣ್ಣೆದುರೇ ಮಾಡಿ, ತಕ್ಕಡಿ ನಿಂತ ಮೇಲೆ ಬರೆಯಿರಿ. ಊಟಕ್ಕೆ ನಮ್ಮ ಜೊತೆ ಕುಳಿತುಕೊಳ್ಳದಿದ್ದರೂ ಚಿಂತೆಯಿಲ್ಲ.
– ಓದುಗಿ, ಕುಂದಾಪುರ

ಶಿಸ್ತೇ ಮೊದಲೆಂದು ವಾದಿಸಿದ ಪತ್ರಗಳೂ ಬಂದಿವೆ. ಸ್ಥಳದ ಅಭಾವದಿಂದ ಅವನ್ನು ಪ್ರಕಟಿಸಲಾಗಿಲ್ಲ. ಪ್ರಶ್ನೆ ಕೇಳಿದವರು ಕುಂದಾಪುರದ ಪತ್ರವನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ. – ಸಂ.