ಊರಲ್ಲಿ ಕಾರ್ಯಕ್ರಮ ಮಾಡಿ ಸಹಾಯಕ್ಕೆ ದುಡ್ಡು ಎತ್ತಿದವರು ಇದ್ದೀರಾ? ಸ್ವಲ್ಪ ಹೇಳಿ

ಸಾಗರದಿಂದ ಪ್ರಶ್ನೆ

ನಮ್ಮದು ಹತ್ತು ಹದಿನೈದು ಜನರ ಬಳಗ. ಅಂಗಡಿಯವರು, ಮೇಷ್ಟ್ರುಗಳು, ಒಬ್ಬರು ನರ್ಸ್, ಇಬ್ಬರು ಅಡಿಕೆ ಬೆಳೆಗಾರರು. ವರ್ಷಕ್ಕೆ ಒಂದೆರಡು ಕಾರ್ಯಕ್ರಮ ಮಾಡಿ, ಉಳಿದ ದುಡ್ಡನ್ನು ಇಲ್ಲಿನ ವಿಶೇಷ ಮಕ್ಕಳ ಶಾಲೆಗೂ ಒಂದು ವೃದ್ಧಾಶ್ರಮಕ್ಕೂ ಕೊಡಬೇಕು ಅಂತ ಆಸೆ. ಯಾವ ಕಾರ್ಯಕ್ರಮದಲ್ಲಿ ನಿಜವಾಗಿ ದುಡ್ಡು ಉಳಿಯುತ್ತದೆ? ಪರ್ಮಿಶನ್, ಲೆಕ್ಕಪತ್ರ ಹೇಗೆ? ಲಕ್ಕಿ ಡ್ರಾ ಕೂಪನ್ ಮಾರಿದರೆ ಸುಲಭ ಅಂತ ನಮ್ಮಲ್ಲೇ ಒಬ್ಬರು ಹಟ ಹಿಡಿದಿದ್ದಾರೆ. ಮಾಡಿದವರು ಹೇಳಿ.

ಕುಂದಾಪುರದಿಂದ

ನಮ್ಮ ಕಡೆ ಇದಕ್ಕೆ ಹಳೇ ದಾರಿ ಯಕ್ಷಗಾನ. 'ಸಹಾಯಾರ್ಥ ಆಟ' ಅನ್ನುವ ಬ್ಯಾನರ್ ಪ್ರತಿ ವರ್ಷ ಎಲ್ಲಾದರೂ ಕಾಣುತ್ತದೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳದವರ (ಟಿಕೆಟ್ ಇಟ್ಟು ಆಡುವ ಯಕ್ಷಗಾನ ತಂಡದವರು) ಹತ್ತಿರ ಒಂದು ರಾತ್ರಿಗೆ ಇಷ್ಟು ಅಂತ ಮಾತಾಡುವುದು, ಟಿಕೆಟ್ ನಾವು ಮಾರುವುದು. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಒಳ್ಳೇ ತಾರೀಖು ಬೇಕಿದ್ದರೆ ಮಳೆಗಾಲದಲ್ಲೇ ಮಾತಾಡಿಡಿ. ಸಾಗರದಲ್ಲಿ ಬಡಗಿನ (ಯಕ್ಷಗಾನದ ಉತ್ತರದ ಶೈಲಿ) ಆಟ ನೋಡುವವರಿಗೇನೂ ಬರ ಇಲ್ಲ.

ಆದರೆ ಗೇಟಿನ ಟಿಕೆಟ್ ನಂಬಿ ಆಟ ಆಡಿಸಬೇಡಿ ಮಾರಾಯ್ರೆ. ಅವತ್ತು ಮಳೆ ಬಂತು, ಪಕ್ಕದ ಊರಲ್ಲಿ ಟಿಕೆಟ್ ಇಲ್ಲದ ಹರಕೆ ಬಯಲಾಟ ಇತ್ತು ಅಂದರೆ ಮುಗಿಯಿತು. ಮೇಳದ ದುಡ್ಡು, ಕುರ್ಚಿ, ಶಾಮಿಯಾನ, ಊಟ ಇಷ್ಟೂ ಜಾಹೀರಾತಿನಿಂದ, ಪ್ರಾಯೋಜಕರಿಂದ ಮೊದಲೇ ಕೈಗೆ ಬಂದಿರಬೇಕು. ಬಾಯಿ ಮಾತಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಆಗ 'ನೀವು ಕೊಟ್ಟ ಟಿಕೆಟ್ ದುಡ್ಡು ಪೂರ್ತಿ ಶಾಲೆಗೆ' ಅಂತ ಧೈರ್ಯವಾಗಿ ಹೇಳಬಹುದು. ಆ ಒಂದು ಮಾತಿಗೆ ಟಿಕೆಟ್ ಹೋಗುತ್ತದೆ.

ಇನ್ನೊಂದು, ಫ್ರೀ ಪಾಸ್. 'ನಮ್ಮನ್ನು ಮರೆತೇಬಿಟ್ರಾ' ಅಂತ ಫೋನ್ ಮಾಡುವವರೆಲ್ಲ ಟಿಕೆಟ್ ಕೊಳ್ಳುವ ಶಕ್ತಿ ಇದ್ದವರೇ. ನಾವು ಪಾಸ್ ಅನ್ನುವುದನ್ನೇ ತೆಗೆದುಹಾಕಿದ್ದೇವೆ. ಸಮಿತಿಯವರು, ಅವರ ಮನೆಯವರು, ವೇದಿಕೆ ಹತ್ತುವ ಅತಿಥಿ, ಎಲ್ಲರಿಗೂ ಟಿಕೆಟ್. ಮೊದಲ ವರ್ಷ ನಾಲ್ಕು ಜನ ಮುನಿಸಿಕೊಂಡರು. ಈಗ ಯಾರೂ ಕೇಳುವುದಿಲ್ಲ.

ಶಾಮಿಯಾನ, ಮೇಳ ಏನೂ ಇಲ್ಲದ ದಾರಿಯೂ ಉಂಟು. ಕೂಲಿ ಕೆಲಸ ಮಾಡುವ ರವಿ ಕಟಪಾಡಿ ಉಡುಪಿ ಅಷ್ಟಮಿಗೆ ವೇಷ ಹಾಕಿಯೇ ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಲಕ್ಷಗಟ್ಟಲೆ ಎತ್ತಿ ಕೊಟ್ಟವರು. ಆದರೆ ಅಲ್ಲಿ ವಿಟ್ಲಪಿಂಡಿಗೆ (ಅಷ್ಟಮಿಯ ಮರುದಿನದ ಉತ್ಸವ) ಸೇರುವ ಜನ ವೇಷ ನೋಡಲಿಕ್ಕೆಂದೇ ಬರುತ್ತಾರೆ. ಅದನ್ನು ಹಾಗೇ ಎತ್ತಿ ಸಾಗರದ ಪೇಟೆ ಬೀದಿಯಲ್ಲಿಟ್ಟರೆ ನಡೆಯುತ್ತದೋ ಇಲ್ಲವೋ.

ಶಿರಸಿಯಿಂದ

ಕುಂದಾಪುರದವರ ಮಾತು ಸರಿ. ಆದರೆ ನಮ್ಮ ನಿಮ್ಮ ಕಡೆ ತಾರೀಖೇ ದೊಡ್ಡ ತಲೆನೋವು. ನವೆಂಬರ್‌ನಿಂದ ಜನವರಿ ತನಕ ಅಡಿಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದು. ನಿಮ್ಮ ಇಬ್ಬರು ಬೆಳೆಗಾರರು ಫೋನ್ ಕೂಡ ಎತ್ತುವುದಿಲ್ಲ, ನೋಡಿ. ಅಡಿಕೆ ಮಾರಿದ ಮೇಲೆಯೇ ಕೈಯಲ್ಲಿ ದುಡ್ಡು. ಆಮೇಲೆ ಮಕ್ಕಳ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ಬರುವ ನಿಮ್ಮ ಮಾರಿಕಾಂಬಾ ಜಾತ್ರೆ ಇದ್ದರಂತೂ ಆಸುಪಾಸಿನಲ್ಲಿ ಬೇರೇನೂ ಇಟ್ಟುಕೊಳ್ಳಬೇಡಿ. ನಮಗೆ ಹೊಂದಿದ್ದು ಏಪ್ರಿಲ್, ಅದೂ ಸಭಾಭವನದ ಒಳಗೆ. ಸಂಜೆಯ ಗುಡುಗು ಮಳೆ ಯಾರ ಮಾತೂ ಕೇಳುವುದಿಲ್ಲ.

ನಾಟಕ ಇಡಬಹುದಾ ಅಂತ ಯೋಚಿಸಿರುತ್ತೀರಿ. ನಿಮ್ಮ ಪಕ್ಕದ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಂಡ 'ತಿರುಗಾಟ' 1985ರಿಂದ ಊರೂರಿಗೆ ಹೋಗುತ್ತಿದೆ, ಬೇರೆ ಊರಿನವರಿಗೆ ಒಳ್ಳೇ ಆಯ್ಕೆ. ನಿಮ್ಮೂರಿನವರು ಮಾತ್ರ ಹೆಗ್ಗೋಡಿಗೇ ಹೋಗಿ ನೋಡಿ ಬರುವವರು. ಅದೇ ನಾಟಕಕ್ಕೆ ಜಾಸ್ತಿ ದುಡ್ಡು ಕೊಡಿ ಅಂದರೆ ಕೊಡುತ್ತಾರಾ?

ಲಕ್ಕಿ ಡ್ರಾ ಬದಲು ಸವಾಲು, ಅಂದರೆ ಹರಾಜು ಇಡಿ. ಗಣಪತಿ ಹಬ್ಬದ ಫಲಾವಳಿ (ಮಂಟಪಕ್ಕೆ ಕಟ್ಟಿದ ಹಣ್ಣು ತರಕಾರಿ) ಸವಾಲು ನೋಡಿಯೇ ಇರುತ್ತೀರಿ, ಅದೇ ರೀತಿ. ಮನೆಮನೆಯಿಂದ ಬಾಳೆಗೊನೆ, ಹಲಸಿನ ಹಣ್ಣು, ಜೇನು, ಉಪ್ಪಿನಕಾಯಿ ಭರಣಿ ತರಿಸಿಕೊಳ್ಳಿ. ಒಂದು ಗೊನೆಯ ಮೇಲೆ ಇಬ್ಬರು ಭಾವಂದಿರು ಜಿದ್ದಿಗೆ ಬಿದ್ದರೆ ಸಾಕು, ಪೇಟೆ ರೇಟಿನ ಹತ್ತು ಪಟ್ಟು ದಾಟುತ್ತದೆ. ಗೆದ್ದವರು ಕೆಲವು ಸಲ ಅದನ್ನು ಮತ್ತೆ ಸವಾಲಿಗೇ ಬಿಟ್ಟುಕೊಡುತ್ತಾರೆ. ಕೂಗುವವನಿಗೆ ಊರಿನ ಎಲ್ಲರ ಹೆಸರು ಗೊತ್ತಿರಬೇಕು, ನಾಲಿಗೆ ಚುರುಕಿರಬೇಕು. ಬರೆದುಕೊಳ್ಳುವವರು ಬೇರೆ ಇರಲಿ. ದುಡ್ಡು ಅಲ್ಲೇ ವಸೂಲಿ ಮಾಡಿ, 'ನಾಳೆ ಕೊಡ್ತೀನಿ' ಅಂದವರ ಹಿಂದೆ ಮಳೆಗಾಲದವರೆಗೂ ಓಡಾಡಬೇಕಾಗುತ್ತದೆ.

ಬೆಂಗಳೂರಿನಿಂದ (ಲೆಕ್ಕಪತ್ರದ ಕೆಲಸ ಮಾಡುವವಳು)

ಲಕ್ಕಿ ಡ್ರಾ ಬೇಡವೇ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ದುಡ್ಡು ಕೊಟ್ಟು ಕೂಪನ್ ಕೊಳ್ಳುವುದು, ಚೀಟಿ ಎತ್ತಿ ಬಹುಮಾನ ಕೊಡುವುದು, ಇದನ್ನು ಯಾರಾದರೂ ಲಾಟರಿ ಅಂತ ದೂರು ಕೊಟ್ಟರೆ 'ಒಳ್ಳೇ ಕೆಲಸಕ್ಕೆ ಮಾಡಿದ್ದು' ಅಂದರೆ ಬಿಡುವುದಿಲ್ಲ.

ವರ್ಷ ವರ್ಷ ಮಾಡುವುದಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಿ. ಏಳು ಜನ ಇದ್ದರೆ ಸಾಕು. ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಸಹಿ. ಖಜಾಂಚಿಯ ಸ್ವಂತ ಫೋನ್‌ಪೇ ನಂಬರಿಗೆ ದುಡ್ಡು ಹಾಕಿಸಬೇಡಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ಆಮೇಲೆ ಯಾವುದು ಮನೆಯ ದುಡ್ಡು, ಯಾವುದು ಸಂಘದ್ದು ಅಂತ ಬೇರ್ಪಡಿಸುತ್ತ ಕೂರಬೇಕು.

ತೆರಿಗೆ ರಿಯಾಯಿತಿ ಸಿಗುತ್ತಾ ಅಂತ ದೊಡ್ಡ ದಾನಿಗಳು ಕೇಳುತ್ತಾರೆ. ನೀವು ಅದಕ್ಕೆ ಬೇಕಾದ ಮಾನ್ಯತೆಗೆ (80ಜಿ ಅಂತ ಕರೆಯುವುದು) ಓಡಾಡುವ ಬದಲು, ಶಾಲೆಗೆ ಅದು ಇದೆಯಾ ಕೇಳಿ. ಇದ್ದರೆ ಅಂಥವರ ಚೆಕ್ ನೇರ ಶಾಲೆಯ ಹೆಸರಿಗೇ ಬರೆಸಿ. 2,000 ರೂಪಾಯಿ ಮೇಲೆ ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ.

ಅಮೆರಿಕದಲ್ಲಿರುವ ಅಣ್ಣ ತಮ್ಮಂದಿರು ಕಳಿಸುವ ದುಡ್ಡು: ಭಾರತದ ಪಾಸ್‌ಪೋರ್ಟ್ ಇದ್ದು, ಬ್ಯಾಂಕ್ ಮೂಲಕ ಸ್ವಂತ ದುಡಿಮೆಯದ್ದನ್ನು ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟಬೇಡಿ.

ಧಾರವಾಡದಿಂದ

ನಾವು ಮಾಡುವುದು ರೊಟ್ಟಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಖಡಕ್ ರೊಟ್ಟಿ ವಾರ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ, ಅದೇ ದೊಡ್ಡ ಅನುಕೂಲ. ಊಟ ಬಡಿಸುವವರ ಕೈಗೆ ದುಡ್ಡು ಹೋಗಲೇಬಾರದು ನೋಡ್ರಿ. ಒಂದೇ ಕಡೆ ಕೂಪನ್, ದೊಡ್ಡವರಿಗೆ ಒಂದು ಬಣ್ಣ, ಮಕ್ಕಳಿಗೆ ಇನ್ನೊಂದು. ತಟ್ಟೆ ಕೊಡುವಲ್ಲಿ ಅದನ್ನು ಅರ್ಧ ಹರಿದು ಡಬ್ಬಿಗೆ ಹಾಕಬೇಕು. ರಾತ್ರಿ ಮೂರು ಜನ ಕೂತು ಡಬ್ಬಿಯ ಅರ್ಧ ಚೀಟಿ, ಉಳಿದ ಕೂಪನ್, ನಗದು, ಸ್ಕ್ಯಾನರಿನ ದುಡ್ಡು ಎಲ್ಲಾ ತಾಳೆ ನೋಡಿ ಸಹಿ ಮಾಡುತ್ತಾರೆ. ಮರುದಿನ ಅದೇ ಹಾಳೆಯ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ. ಬಾಳೆ ಎಲೆಗೆ ಎಷ್ಟು ಕೊಟ್ಟೆವು ಅನ್ನುವುದೂ ಅದರಲ್ಲಿ ಇರುತ್ತದೆ. ಮುಂದಿನ ವರ್ಷದ ಪ್ರಚಾರ ಅದರಿಂದಲೇ ಆಗುತ್ತದೆ.

ವೃದ್ಧಾಶ್ರಮಕ್ಕೆ ಮೊದಲೇ ಹೋಗಿ ಏನು ಬೇಕು ಕೇಳಿ. ನಾವು ಕೊಡುತ್ತಿರುವ ಒಂದು ಕಡೆ ದಾನ ಬಂದ ಗಾಲಿಕುರ್ಚಿಗಳು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮೂಲೆಯಲ್ಲಿದ್ದವು. ಅವರಿಗೆ ಬೇಕಾಗಿದ್ದು ರಾತ್ರಿ ಪಾಳಿಯ ಆಯಾಳ ಸಂಬಳ ಮತ್ತು ದೊಡ್ಡವರ ಡೈಪರ್. ಸಂಬಳಕ್ಕೆ ಕೊಟ್ಟರೆ ಹೆಸರು ಕೆತ್ತಿಸಲು ಜಾಗ ಸಿಗುವುದಿಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ. ಮತ್ತೆ ಮಕ್ಕಳನ್ನು, ಅಜ್ಜ ಅಜ್ಜಿಯರನ್ನು ವೇದಿಕೆಗೆ ಕರೆದು ದೊಡ್ಡ ಚೆಕ್ ಹಿಡಿಸಿ ಫೋಟೋ ತೆಗೆಸುವುದು ದಯವಿಟ್ಟು ಬೇಡ.

ಸಾಗರದಿಂದ

ಎಲ್ಲರಿಗೂ ಥ್ಯಾಂಕ್ಸ್. ಲಕ್ಕಿ ಡ್ರಾ ಬಿಟ್ಟೆವು, ಹಟ ಹಿಡಿದವರಿಗೇ ಸವಾಲು ಕೂಗುವ ಕೆಲಸ ಕೊಡುತ್ತೇವೆ. ಏಪ್ರಿಲ್‌ನಲ್ಲೇ ಸಭಾಭವನದಲ್ಲಿ ಆಟ ಇಟ್ಟರೆ ಹೇಗೆ? ಪ್ರಾಯೋಜಕರು ಅಷ್ಟು ಬೇಗ ದುಡ್ಡು ಕೊಡುತ್ತಾರಾ? ಮೈಕಿಗೆ ಏನು ಮಾಡುವುದು?

ಕುಂದಾಪುರದಿಂದ

ಮೈಕಿಗೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಳಗೆ ಮಾಡಿದರೂ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟವೇ ಇಡಿ, ಸಂಜೆ ಆರಕ್ಕೆ ಶುರು. ಇಡೀ ರಾತ್ರಿ ಕೂರುವವರು ಈಗ ಕಡಿಮೆ.

ಪ್ರಾಯೋಜಕರಿಗೆ ಬರೀ 'ದೇಣಿಗೆ ಕೊಡಿ' ಅನ್ನಬೇಡಿ. ಕುರ್ಚಿ ಒಬ್ಬರಿಗೆ, ಲೈಟ್ ಒಬ್ಬರಿಗೆ, ಕಲಾವಿದರ ಊಟ ಒಬ್ಬರಿಗೆ ಅಂತ ಹಂಚಿ, ಬಿಲ್ ಅವರ ಕೈಗೇ ಕೊಡಿ. ಬಟ್ಟೆ ಅಂಗಡಿ, ಚಿನ್ನದ ಅಂಗಡಿಗೆ ಕೊನೆಗೆ ಹೋಗಿ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ಕೃಷಿ ಪಂಪು ಮಾರುವವರು, ಗೊಬ್ಬರದ ಅಂಗಡಿ, ಮರದ ಮಿಲ್ಲು, ಇವರನ್ನು ಕೇಳುವವರೇ ಇಲ್ಲ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಬೋಣಿ ಆಗುವ ಮೊದಲು ಯಾರೂ ಕೊಡುವುದಿಲ್ಲ.