ಎರಡು ಲ್ಯಾಬು, ಎರಡು ರಿಪೋರ್ಟು: ವೈರಲ್ ನ್ಯುಮೋನಿಯಾ ಜಾಸ್ತಿಯಾಗಿದೆಯಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ. ಇನ್‌ಫ್ಲುಯೆನ್ಸಾ ಎ (ಫ್ಲೂ) ಪಾಸಿಟಿವ್, ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಇವತ್ತಿಗೆ ಜ್ವರ 6ನೇ ದಿನ, ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ನಡೀತಿದೆ. ಮೊನ್ನೆ ಸಿಆರ್‌ಪಿ (ಉರಿಯೂತದ ಗುರುತು) 6.4, ಡಿ-ಡೈಮರ್ (ರಕ್ತ ಹೆಪ್ಪುಗಟ್ಟುವುದರ ಗುರುತು) 480, ಎಲ್‌ಡಿಎಚ್ (ಜೀವಕೋಶ ಹಾನಿಯ ಗುರುತು) 310 ಇತ್ತು. ಇವತ್ತು ಬೇರೆ ಲ್ಯಾಬಲ್ಲಿ ಸಿಆರ್‌ಪಿ 58, ಡಿ-ಡೈಮರ್ 0.92, ಎಲ್‌ಡಿಎಚ್ 640, ಪೊಟ್ಯಾಸಿಯಂ 6.1. ಬಿಳಿ ರಕ್ತಕಣ 5,600, ಅದರಲ್ಲಿ ನ್ಯೂಟ್ರೋಫಿಲ್ 82%, ಲಿಂಫೋಸೈಟ್ 11%. ಆಕ್ಸಿಜನ್ 95. ಸಿಆರ್‌ಪಿ ಎರಡೇ ದಿನಕ್ಕೆ ಒಂಬತ್ತು ಪಟ್ಟಾಗಿದೆ, ಐಸಿಯುಗೆ ಸೇರಿಸಬೇಕಾ? ರಿಪೋರ್ಟುಗಳ ಫೋಟೋ ಹಾಕಿದ್ದೀನಿ.

ಉತ್ತರ (ವೈದ್ಯರು): ಸಿಆರ್‌ಪಿ ಏರಿಲ್ಲಮ್ಮ, ಸ್ವಲ್ಪ ಇಳಿದಿದೆ. ಅಂಕಿಯ ಪಕ್ಕದ ಯೂನಿಟ್ ಓದಿ. ಮೊದಲ ಲ್ಯಾಬು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಟ್ಟಿದೆ, ಎರಡನೆಯದು ಲೀಟರಿಗೆ. ಮೊದಲನೆಯದನ್ನು ಹತ್ತರಿಂದ ಗುಣಿಸಿದರೆ 64. ಅಲ್ಲಿಂದ 58ಕ್ಕೆ ಬಂದಿದೆ, ಅಷ್ಟೆ.

ಡಿ-ಡೈಮರ್‌ದೂ ಇದೇ ಕಥೆ. ಇವತ್ತಿನ 0.92 ಮೈಕ್ರೋಗ್ರಾಂ ಅಂದರೆ 920 ನ್ಯಾನೋಗ್ರಾಂ, ಆದರೆ ಅದು ಎಫ್‌ಇಯು ಅನ್ನೋ ಯೂನಿಟ್ಟಿನ ಲೆಕ್ಕ. ಮೊನ್ನೆಯ 480 ಡಿಡಿಯು ಅನ್ನೋ ಇನ್ನೊಂದು ಯೂನಿಟ್ಟಿನ ಲೆಕ್ಕ. ಎಫ್‌ಇಯು ಸುಮಾರು ಎರಡು ಪಟ್ಟು ಬರುತ್ತದೆ, ಹಾಗಾಗಿ ಎರಡೂ ಹೆಚ್ಚುಕಮ್ಮಿ ಒಂದೇ.

ನೀವು ಗಾಬರಿಯಾಗದೇ ಬಿಟ್ಟಿರೋದು ಲಿಂಫೋಸೈಟ್. 5,600ರಲ್ಲಿ 11% ಅಂದರೆ 616. ಸಾವಿರದ ಕೆಳಗೆ ಹೋದರೆ ಹುಷಾರಾಗಿರಬೇಕು. ನ್ಯೂಟ್ರೋಫಿಲ್ 82ನ್ನು ಲಿಂಫೋಸೈಟ್ 11ರಿಂದ ಭಾಗಿಸಿದರೆ ಸುಮಾರು 7.5, ಈ ಅನುಪಾತವೂ ಜಾಸ್ತಿಯೇ. ಸ್ಟಿರಾಯ್ಡ್ ಏನಾದರೂ ಕೊಟ್ಟಿದ್ದಾರಾ?

ಉತ್ತರ (ಲ್ಯಾಬ್ ಟೆಕ್ನೀಷಿಯನ್): ಎಲ್‌ಡಿಎಚ್, ಪೊಟ್ಯಾಸಿಯಂ ಒಟ್ಟಿಗೆ ಜಿಗಿದಿವೆ ಅಂದರೆ ಮೊದಲ ಅನುಮಾನ ಸ್ಯಾಂಪಲ್ ಮೇಲೆ. ಎರಡನೇ ಫೋಟೋದ ಕೆಳಗೆ ಸಣ್ಣಕ್ಷರದಲ್ಲಿ 'ಹೀಮೊಲೈಸ್ಡ್' (ಕೆಂಪು ಕಣ ಒಡೆದಿದೆ) ಅಂತಿದೆ ನೋಡಿ. ಸಣ್ಣ ಸೂಜಿಯಲ್ಲಿ ಎಳೆದು, ಸಿರಿಂಜ್ ಒತ್ತಿ ಟ್ಯೂಬಿಗೆ ಬಿಟ್ಟರೆ ಕೆಂಪು ಕಣ ಒಡೆದು ಒಳಗಿದ್ದದ್ದೆಲ್ಲ ಸೀರಮ್ಮಿಗೆ ಸೇರುತ್ತೆ. ಎಲ್‌ಡಿಎಚ್‌ನ ಆ 640 ಇಟ್ಟುಕೊಂಡು ಶ್ವಾಸಕೋಶದ ಬಗ್ಗೆ ಏನೂ ಹೇಳೋಕಾಗಲ್ಲ. ಹಾಗಂತ ಪೊಟ್ಯಾಸಿಯಂ ಸುಮ್ಮನೆ ಬಿಡುವಂಥದ್ದಲ್ಲ: ಇವತ್ತೇ ಹೊಸದಾಗಿ ರಕ್ತ ತೆಗೆಸಿ, ಜೊತೆಗೆ ಒಂದು ಇಸಿಜಿ. ಡಿ-ಡೈಮರಿಗೆ ನೀಲಿ ಮುಚ್ಚಳದ ಟ್ಯೂಬು ಗೆರೆವರೆಗೂ ತುಂಬಬೇಕು. ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ. ಕಮ್ಮಿ ತುಂಬಿದರೆ ಅಂಕಿ ಕೆಡುತ್ತೆ. ಮುಂದಿನದೆಲ್ಲ ಒಂದೇ ಲ್ಯಾಬಲ್ಲಿ ಮಾಡಿಸಿ.

ಪ್ರಶ್ನೆ: ಸರ್, ಮರೆತಿದ್ದೆ. ಮೊನ್ನೆ ಸಂಜೆಯಿಂದ ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಕೊಡ್ತಿದ್ದಾರೆ. ಬ್ಯಾಕ್ಟೀರಿಯಾ ಸೋಂಕಿಗೆ ನೋಡೋ ಪ್ರೊಕ್ಯಾಲ್ಸಿಟೋನಿನ್ ರಕ್ತಪರೀಕ್ಷೆ ಮಾಡಿಸಲಾ?

ಉತ್ತರ (ವೈದ್ಯರು): ಹಾಗಿದ್ದರೆ ಮೇಲೆ ಹೇಳಿದ್ದನ್ನು ಸ್ವಲ್ಪ ತಿದ್ದಬೇಕು. ಸ್ಟಿರಾಯ್ಡ್ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ, ಆ 7.5ರಲ್ಲಿ ಮಾತ್ರೆಯ ಪಾಲೆಷ್ಟೋ. ಸಿಆರ್‌ಪಿಯನ್ನೂ ಅದೇ ಇಳಿಸುತ್ತದೆ, ಆದ್ದರಿಂದ 58 ನೋಡಿ ಗೆದ್ದೆವು ಅನ್ನಬೇಡಿ. ಕೋವಿಡ್‌ನಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ 6 ಮಿಗ್ರಾಂ ಉಪಯೋಗಕ್ಕೆ ಬಂದದ್ದು ಆಕ್ಸಿಜನ್ ಬೇಕಾದವರಿಗೆ. ಇನ್‌ಫ್ಲುಯೆನ್ಸಾಗೆ ಆಸ್ತಮಾದಂಥ ಬೇರೆ ಕಾರಣ ಇಲ್ಲದೆ ಸ್ಟಿರಾಯ್ಡ್ ಕೊಡೋದಿಲ್ಲ. ಯಾಕೆ ಅಂತ ಬರೆದವರನ್ನೇ ಇವತ್ತು ಕೇಳಿ.

ಪ್ರೊಕ್ಯಾಲ್ಸಿಟೋನಿನ್ 0.25ಕ್ಕಿಂತ ಕಮ್ಮಿ ಬಂದರೆ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಕಿಡ್ನಿ ತೊಂದರೆ ಇದ್ದರೆ ಸುಮ್ಮನೆ ಏರಿರುತ್ತದೆ. ಅದಕ್ಕೆ ದುಡ್ಡು ಹಾಕುವ ಮೊದಲು ಅಗ್ಗದ ಯೂರಿಯಾ ಮಾಡಿಸಿ, ಎರಡು ರಿಪೋರ್ಟಲ್ಲೂ ಅದಿಲ್ಲ. ಬ್ಲಡ್ ಯೂರಿಯಾ 42 ದಾಟಿದರೆ ನ್ಯುಮೋನಿಯಾದ ತೀವ್ರತೆ ಅಳೆಯುವ ಅಂಕಪಟ್ಟಿಯಲ್ಲಿ ಒಂದು ಅಂಕ. ಬಿಯುಎನ್ (ಯೂರಿಯಾದಲ್ಲಿನ ನೈಟ್ರೋಜನ್ ಮಾತ್ರ) ಅಂತ ಬರೆದಿದ್ದರೆ ಆ ಗಡಿ ಸುಮಾರು 20.

ಐಸಿಯು ಪ್ರಶ್ನೆಗೆ ಈ ರಿಪೋರ್ಟಲ್ಲಿ ಉತ್ತರ ಇಲ್ಲ. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಅವರಿಗೆ ಹೇಳದೆ. 24 ಅಥವಾ ಮೇಲಿದ್ದರೆ, ಇಲ್ಲವೇ ಆಕ್ಸಿಜನ್ 94ರ ಕೆಳಗೆ ಬಂದರೆ ಆಸ್ಪತ್ರೆಗೆ ಹೊರಡಿ. ಉಸಿರು 30 ದಾಟಿದರೆ, ಆಕ್ಸಿಜನ್ 90ರ ಕೆಳಗಿದ್ದರೆ, ಅಥವಾ ಮಾತು ತೊದಲಿ ಗಲಿಬಿಲಿಯಾದರೆ ಆಂಬುಲೆನ್ಸ್. ಜ್ವರ ಬಿಟ್ಟು ಮತ್ತೆ ಬಂದು ಹಳದಿ ಕಫ ಶುರುವಾದರೂ ತೋರಿಸಿ, ಫ್ಲೂ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾ ಹಾಗೇ ಕಾಣಿಸಿಕೊಳ್ಳೋದು.