ಅಕ್ಕನ ಮದುವೆಗೆ ನಾನೇ ಕಳಸಗಿತ್ತಿ, ಉಗ್ರಾಣದ ಬೀಗದ ಕೈಯೂ ನನ್ನ ಹತ್ತಿರವೇ. ಹೇಗೆ ನಿಭಾಯಿಸಲಿ?

ಮದ್ದೂರಿನ ತಂಗಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮಕ್ಕನ ಮದುವೆ. ಮಂಡ್ಯದ ಒಂದು ಛತ್ರದಲ್ಲಿ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಗ್ಗೆ 9.15ಕ್ಕೆ ಮುಹೂರ್ತ. ಕಳಸ ಹಿಡಿಯುವವಳು ನಾನೇ.

ಅಮ್ಮ ಹೋಗಿ ಎರಡು ವರ್ಷ ಆಯಿತು. ಮನೆಯಲ್ಲಿ ಈಗ ಅಪ್ಪ, ಅಕ್ಕ, ನಾನು ಮೂರೇ ಜನ. ಅಮ್ಮ ಮಾಡಬೇಕಿದ್ದ ಕೆಲಸವೆಲ್ಲ ಒಂದೊಂದಾಗಿ ನನ್ನ ಕೈಗೆ ಬಂದಿದೆ. ಜವಳಿ ತಂದದ್ದು, ಬೀಗರಿಗೆ ಕೊಡುವ ಸೀರೆ ಪಂಚೆಗೆಲ್ಲ ಹೆಸರಿನ ಚೀಟಿ ಹಚ್ಚಿದ್ದು, ಅಡುಗೆಯವರ ಹತ್ತಿರ ಸಾಮಾನಿನ ಪಟ್ಟಿ ಬರೆಸಿಕೊಂಡದ್ದು ಎಲ್ಲ ನಾನೇ. ನೋಟ್‌ಬುಕ್ಕಿನಲ್ಲಿ ಇನ್ನೂ 43 ಕೆಲಸ ಬಾಕಿ ಇದೆ. ಛತ್ರಕ್ಕೆ ಹೋದ ಮೇಲೆ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇರಲಿ ಅಂತ ಅಪ್ಪ ಹೇಳಿದ್ದಾರೆ. ಅವರಿಗೆ ಬೇರೆ ಯಾರ ಮೇಲೂ ಧೈರ್ಯ ಇಲ್ಲ.

ನನ್ನ ಭಯ ಒಂದೇ. ಹೋದ ವರ್ಷ ದೊಡ್ಡಪ್ಪನ ಮಗಳ ಮದುವೆಯಲ್ಲಿ ಕಳಸಗಿತ್ತಿ ಅರ್ಧ ಹೊತ್ತು ಊಟದ ಹಾಲಿನಲ್ಲೇ ಓಡಾಡುತ್ತಿದ್ದಳು. ಹಸೆಮಣೆ ಮೇಲೆ ಕೂತ ಹೆಣ್ಣು ಹೊಗೆಯಲ್ಲಿ ಕಣ್ಣು ಉರಿದು, ಒರೆಸಿಕೊಳ್ಳೋದಕ್ಕೆ ಕೈ ಬಿಡುವಿಲ್ಲದೆ, ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು. ಹಿಂದೆ ಯಾರೂ ಇರಲಿಲ್ಲ. ಅಕ್ಕ ಹಾಗೆ ತಿರುಗಿ ನೋಡಿದಾಗ ನಾನು ಅಲ್ಲಿ ಇರಬೇಕು. ಅದೊಂದು ತಪ್ಪಬಾರದು. ಆದರೆ ಅಮ್ಮನ ಕೆಲಸ ಯಾರು ಮಾಡುತ್ತಾರೆ?

ಇನ್ನೆರಡು ವಿಷಯ. ನಮ್ಮ ಕಡೆ ಧಾರೆಗೆ ದಂಪತಿಯೇ ಕೂರಬೇಕು ಅಂತ ಚಿಕ್ಕಪ್ಪ ಚಿಕ್ಕಮ್ಮ ಕೂರುತ್ತಿದ್ದಾರೆ. ಅಪ್ಪ ‘ಆಯ್ತು’ ಅಂದರು. ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರಿಗೆ ಏನು ಮಾಡಬಹುದು? ಮತ್ತೆ, ಮುಹೂರ್ತಕ್ಕೆ ನಾನು ಅಮ್ಮನ ಗಿಳಿಹಸಿರು ಮೈಸೂರು ಸಿಲ್ಕ್ ಉಡಬೇಕು ಅಂತ ಅಕ್ಕನ ಆಸೆ. ಸೋದರತ್ತೆ ಬೇಡ ಅನ್ನುತ್ತಿದ್ದಾರೆ. ಸೆರಗಿನ ತುದಿಯಲ್ಲಿ ಒಂದು ಅರಿಶಿನದ ಕಲೆ ಇದೆ, ಅಮ್ಮನ ಹೆಬ್ಬೆರಳಿನಷ್ಟೇ. ಡ್ರೈ ಕ್ಲೀನಿಂಗಿಗೆ ಕೊಡೋದಕ್ಕೂ ನನಗೆ ಮನಸ್ಸಾಗಿಲ್ಲ.

ಕಳಸ ಹಿಡಿದವರು, ಮದುವೆ ಮನೆ ನಡೆಸಿದವರು ದಯವಿಟ್ಟು ಹೇಳಿ.

ಹಾಸನದವಳು:

ತಂಗಿ, ನಾನು ನಾಲ್ಕು ಸಲ ಕಳಸ ಹಿಡಿದಿದ್ದೇನೆ. ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನೂ ಮಾಡಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಬೀಗದ ಕೈ ಮತ್ತು ಕಳಸ ಎರಡೂ ಒಬ್ಬರ ಕೈಲಿ ಆಗೋದಿಲ್ಲ. ಬೀಗದ ಕೈ ಕೊಟ್ಟುಬಿಡಮ್ಮ.

ಕಳಸಗಿತ್ತಿ ಅಂದರೆ ಸುಮ್ನೆ ಚೊಂಬು ಹಿಡಿದು ನಿಲ್ಲುವವಳಲ್ಲ. ಹೆಣ್ಣಿನ ಎರಡು ಕೈಗೂ ಅವತ್ತು ಕೆಲಸ ಇರುತ್ತದೆ. ಮೂರನೇ ಕೈ ನೀನು. ಬಾಸಿಂಗ ಜಾರಿದರೆ ಸರಿ ಮಾಡುವವಳು, ಹಾರದ ದಾರ ಕುತ್ತಿಗೆಗೆ ಚುಚ್ಚಿದರೆ ಕರವಸ್ತ್ರ ಇಡುವವಳು, ಪುರೋಹಿತರು ಬಲಗೈ ಅಂದಾಗ ಎಡಗೈ ಚಾಚಿದರೆ ಮೆಲ್ಲಗೆ ಮುಟ್ಟಿ ತಿದ್ದುವವಳು. ಉಗ್ರಾಣಕ್ಕೆ ಹೋದರೆ ಇದನ್ನೆಲ್ಲ ಯಾರು ಮಾಡುತ್ತಾರೆ? ಸಕ್ಕರೆ ಎರಡು ಕೆಜಿ ಜಾಸ್ತಿ ಖರ್ಚಾದರೆ ಆಗಲಿ ಬಿಡು.

ಉಗ್ರಾಣಕ್ಕೆ ಮನೆತನದಲ್ಲೇ ಲೆಕ್ಕ ಗೊತ್ತಿರುವ, ಜಾಸ್ತಿ ಮಾತಾಡದ ಒಬ್ಬ ಗಂಡಸನ್ನು ಹುಡುಕು. ನಮ್ಮಲ್ಲಿ ನನ್ನ ಮೈದುನ ಕೂತಿದ್ದ. ಮುಯ್ಯಿ ಬರೆಯೋಕೆ ಬೇರೆ ಇಬ್ಬರು ಬೇಕು. ಒಬ್ಬರು ಬರೆಯಲಿ, ಒಬ್ಬರು ಕವರ್ ಚೀಲಕ್ಕೆ ಹಾಕಲಿ. ಆ ಚೀಲ ನಿನ್ನ ಹತ್ತಿರ ಬರಲೇಬಾರದು. ಒಡವೆಗೆ ಮಾತ್ರ ಚಿಕ್ಕಮ್ಮನ ಹೆಸರು ಬರೆದಿಡಬೇಡ, ಅವರು ಧಾರೆಗೆ ಕೂರುತ್ತಾರಲ್ವಾ. ಸೋದರತ್ತೆಗೆ ಒಪ್ಪಿಸು. ಏನೇನು ಕೊಟ್ಟೆ ಅಂತ ಚೀಟಿ ಮಾಡಿ ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ಲಾಜಹೋಮಕ್ಕೆ ಅರಳು ಹಾಕುವ ಅಣ್ಣನೋ ತಮ್ಮನೋ ಯಾರು ಅಂತ ಪುರೋಹಿತರು ಆ ಹೊತ್ತಿಗೆ ಸರಿಯಾಗಿ ಕೇಳುತ್ತಾರೆ. ನಿಮಗೆ ಒಡಹುಟ್ಟಿದವನಿಲ್ಲ, ಈಗಲೇ ಒಬ್ಬನಿಗೆ ಹೇಳಿಡು.

ಈಗ ಕಳಸದ ವಿಷಯ. ಕಾಯಿ ಕೊಳ್ಳೋಕೆ ಹೋಗುವಾಗ ಚೊಂಬನ್ನೂ ತೆಗೆದುಕೊಂಡು ಹೋಗು. ನಗಬೇಡ. ಚೊಂಬಿನ ಬಾಯಿಗೆ ಸರಿಯಾಗಿ ಕೂರುವ ಕಾಯಿ ಸಿಕ್ಕರೆ ಅರ್ಧ ಚಿಂತೆ ಹೋಯಿತು. ಚಿಕ್ಕ ಕಾಯಿ ಒಳಗೆ ಇಳಿಯುತ್ತದೆ, ದಪ್ಪದ್ದು ಅಲ್ಲಾಡುತ್ತದೆ. ನೀರು ಮುಕ್ಕಾಲು ಭಾಗ ಸಾಕು. ವೀಳ್ಯದೆಲೆ ಐದು, ತೊಟ್ಟು ನೀರಿನೊಳಗೆ. ಕೆಳಗೆ ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಹರಡಿ ಅದರ ಮೇಲೆ ಚೊಂಬು ಇಟ್ಟರೆ ಜಾರುವುದಿಲ್ಲ. ನನ್ನ ಮೊದಲ ಸಲ ಬರಿಯ ಬೆಳ್ಳಿ ತಟ್ಟೆ ಮೇಲೆ ಇಟ್ಟಿದ್ದರು. ಅಂತರಪಟ ಸರಿದು, ಜೀರಿಗೆ ಬೆಲ್ಲ ಹಾಕುವ ಗಲಾಟೆಯಲ್ಲಿ ಯಾರೋ ತಳ್ಳಿದರು. ಚೊಂಬು ತಟ್ಟೆಯ ಅಂಚಿಗೆ ಬಂದು ನಿಂತಿತು. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ತುಂಬಿದ ಕಳಸ ಒಂದು ಗಂಟೆ ಹಿಡಿದರೆ ತೋಳು ನಡುಗುತ್ತದೆ, ಮನೆಯಲ್ಲೇ ಎರಡು ಸಲ ಹಿಡಿದು ನಿಂತು ಅಭ್ಯಾಸ ಮಾಡು.

ಸೀರೆ ಉಡು. ನಿನ್ನಮ್ಮ ಮುತ್ತೈದೆಯಾಗಿ ಉಟ್ಟ ಸೀರೆ, ಮಗಳು ಆಸೆಪಟ್ಟು ಕೇಳಿದ್ದಾಳೆ. ಸೋದರತ್ತೆಗೆ ನಿನ್ನ ಅಕ್ಕನೇ ಕೂತು ಹೇಳಲಿ, ನೀನು ವಾದ ಮಾಡಬೇಡ. ಕಲೆ ತೆಗೆಸಬೇಡ.

ಕರಾವಳಿ ಮಳೆ:

ನಾನು ಮಂಗಳೂರಿನವಳು, ನಾವು ಕ್ರೈಸ್ತರು. ನಿಮ್ಮ ಕಳಸಗಿತ್ತಿ ಹಾಗೆ ನಮ್ಮಲ್ಲಿ ಧೆಡಿ ಇರುತ್ತಾಳೆ, ಕೊಂಕಣಿಯಲ್ಲಿ ಹಾಗೆ ಕರೆಯುತ್ತೇವೆ. ನನ್ನ ಅಕ್ಕನಿಗೆ ನಾನೇ ಧೆಡಿ. ಮದುವೆಗೆ ಮುಂಚೆ ರೋಸ್ ಶಾಸ್ತ್ರದಲ್ಲಿ ಅಕ್ಕನಿಗೆ ತೆಂಗಿನ ಹಾಲು ಹಚ್ಚುವಾಗ ಪಕ್ಕದಲ್ಲೇ ಕೂತಿದ್ದೆ. ಮಾರನೇ ದಿನ ಇಗರ್ಜಿಯ ಪುಸ್ತಕದಲ್ಲಿ ಸಾಕ್ಷಿಯಾಗಿ ಸಹಿ ಹಾಕಿದ್ದೂ ನಾನೇ.

ನನ್ನ ಅನುಭವದಿಂದ ಒಂದೇ ಮಾತು. ಹಿಂದಿನ ರಾತ್ರಿ ನೀವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಬೇರೆ ಯಾರೂ ಬೇಡ. ನಾನು ಹೂವಿನವರಿಗೆ ಫೋನ್ ಮಾಡುತ್ತಾ ರಾತ್ರಿ ಒಂದು ಗಂಟೆಗೆ ಒಳಗೆ ಬಂದೆ. ಅಕ್ಕ ದೀಪ ಆರಿಸದೆ, ನನಗಾಗಿ ಎದ್ದು ಕೂತಿದ್ದಳು. ‘ಮಲಗು, ನಾಳೆ ಮುಖ ಬಾಡಿರುತ್ತೆ’ ಅಂತ ನಾನೇ ಗದರಿದೆ. ಏನು ಹೇಳಬೇಕು ಅಂತ ಕಾದಿದ್ದಳೋ ನಾನು ಕೇಳಲಿಲ್ಲ. ಹೂವು ಹೇಗೂ ಬಂತು.

ಫೋಟೋದವನು, ಮೈಸೂರು:

ನಾನು ಮದುವೆ ಫೋಟೋ ತೆಗೆಯುವವನು. ಎರಡೇ ವಿಷಯ ಮೇಡಂ. ಮಾಂಗಲ್ಯ ಆದ ಕೂಡಲೇ ಅಕ್ಷತೆ ಬಿದ್ದು ಅರ್ಧ ಛತ್ರ ಊಟಕ್ಕೆ ಏಳುತ್ತದೆ, ಹುಡುಗಿಯ ಜೊತೆಗಿದ್ದವರೂ ಹೋಗಿಬಿಡುತ್ತಾರೆ. ನೀವು ಹೋಗಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ಸಪ್ತಪದಿ ಇರುವ ಮದುವೆ ಪೂರ್ತಿಯಾಗುವುದು ಏಳನೇ ಹೆಜ್ಜೆಗೆ. ಆ ಹೆಜ್ಜೆಯ ಫೋಟೋ ತಪ್ಪದೆ ತೆಗೆಸಿ. ಲಗ್ನಪತ್ರಿಕೆಯನ್ನೂ ನಾಲ್ಕು ಎತ್ತಿಡಿ, ಮದುವೆ ನೋಂದಣಿಗೆ ಹೋದಾಗ ಬೇಕಾಗುತ್ತದೆ.

ಎರಡನೆಯದು ನಿಮ್ಮ ತಂದೆಯವರ ವಿಷಯ. ನಿಮ್ಮ ಕಡೆ ನೆಂಟರೆಲ್ಲ ಸಾಲಾಗಿ ಬಂದು ಧಾರೆಗೆ ಹಾಲು ಎರೆಯುತ್ತಾರೆ ಅಲ್ವಾ? ಚಿಕ್ಕಪ್ಪ ಚಿಕ್ಕಮ್ಮ ಆದ ಮೇಲೆ ಆ ಸಾಲಿನಲ್ಲಿ ಮೊದಲು ನಿಮ್ಮ ತಂದೆ ನಿಲ್ಲಲಿ. ಪುರೋಹಿತರಿಗೆ ಮುಂಚೆಯೇ ಹೇಳಿ. ನಾನು ಹೋದ ಮದುವೆಗಳಲ್ಲಿ ಇದಕ್ಕೆ ಯಾರೂ ಬೇಡ ಅಂದಿಲ್ಲ.

ಮದ್ದೂರಿನ ತಂಗಿ:

ಮದುವೆ ಮುಗಿದು ಒಂಬತ್ತು ದಿನ ಆಯಿತು. ಇವತ್ತು ಕೂತು ಬರೆಯುತ್ತಿದ್ದೇನೆ.

ಬೀಗದ ಕೈ ಕೊಟ್ಟುಬಿಟ್ಟೆ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ, ಈಗ ನಿವೃತ್ತರಾದ ಒಬ್ಬ ಮಾವ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ನೋಟ್‌ಬುಕ್ಕನ್ನೂ ಅವರಿಗೇ ಕೊಟ್ಟೆ. ಕೊಡುವಾಗ ಅಳು ಬಂತು, ಅಮ್ಮನ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದೇನೆ ಅನ್ನಿಸಿತು. ಬಾಳೆಎಲೆ ಒಂದು ಕಟ್ಟು ಕಡಿಮೆ ಬಿತ್ತಂತೆ. ನನಗೆ ಗೊತ್ತಾಗಿದ್ದು ಮೂರು ದಿನ ಆದ ಮೇಲೆ.

ಶನಿವಾರ ರಾತ್ರಿ ಕೋಣೆಯಲ್ಲಿ ನಾವಿಬ್ಬರೇ. ಮೊಗ್ಗಿನ ಜಡೆ ಬಿಚ್ಚೋದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಒಂದೊಂದು ಪಿನ್ನು ತೆಗೆಯುತ್ತಾ ಮಾತಾಡಿದೆವು. ‘ಅಪ್ಪ ಬೆಳಗ್ಗೆ ಕಾಫಿಗೆ ಸಕ್ಕರೆ ಹಾಕೋದನ್ನ ಯಾರೂ ನೋಡದಿದ್ದರೆ ಮೂರು ಚಮಚ ಹಾಕ್ಕೋತಾರೆ, ನೋಡ್ಕೋ’ ಅಂದಳು. ಕರಾವಳಿ ಅಕ್ಕ, ನೀವು ಬರೆಯದಿದ್ದರೆ ಆ ರಾತ್ರಿ ನಾನು ಉಗ್ರಾಣದಲ್ಲಿ ಇರುತ್ತಿದ್ದೆ.

ಬೆಳಗ್ಗೆ ಅಮ್ಮನ ಸೀರೆ ಉಟ್ಟೆ. ಸೋದರತ್ತೆ ನೋಡಿದರು, ಹತ್ತಿರ ಬಂದರು, ಏನೂ ಅನ್ನಲಿಲ್ಲ. ಸೆರಗಿನ ಆ ಕಲೆ ಒಳಗೆ ಹೋಗುವ ಹಾಗೆ ನೆರಿಗೆ ಮಡಿಸಿದ್ದೆ. ಅವರೇ ಅದನ್ನು ಬಿಚ್ಚಿ, ಕಲೆ ಹೊರಗೆ ಬರುವ ಹಾಗೆ ಮತ್ತೆ ಮಡಿಸಿ ಪಿನ್ನು ಹಾಕಿದರು.

ಧಾರೆಯ ಹೊತ್ತು. ಅಕ್ಕ ಭಾವ ಕಾಯಿ ಹಿಡಿದಿದ್ದರು. ಚಿಕ್ಕಪ್ಪ ಚಿಕ್ಕಮ್ಮ ಎರೆದು ಪಕ್ಕಕ್ಕೆ ಸರಿದರು. ಪುರೋಹಿತರು ಅಪ್ಪನ ಹೆಸರು ಕರೆದರು. ಅಪ್ಪನಿಗೆ ನಾವು ಮೊದಲೇ ಹೇಳಿರಲಿಲ್ಲ. ಚೊಂಬು ಹಿಡಿದ ಕೈ ನಡುಗಿ ಹಾಲು ಕಾಯಿಯ ಮೇಲೆ ಬೀಳದೆ ಅಕ್ಕನ ಮಣಿಕಟ್ಟಿನ ಮೇಲೆ, ಹಸಿರು ಬಳೆಗಳ ಮಧ್ಯೆ ಬಿತ್ತು. ಅಕ್ಕ ಕೈ ಸ್ವಲ್ಪ ಮುಂದೆ ತಂದಳು. ಆಗ ಸರಿಯಾಗಿ ಬಿತ್ತು. ಅಪ್ಪ ಚೊಂಬು ಪೂರ್ತಿ ಖಾಲಿಯಾಗುವವರೆಗೂ ಎರೆದರು. ಹಿಂದೆ ಸಾಲಿನಲ್ಲಿದ್ದವರು ಯಾರೂ ಅವಸರ ಮಾಡಲಿಲ್ಲ.

ಅಕ್ಕ ಎರಡು ಸಲ ತಿರುಗಿ ನೋಡಿದಳು. ಎರಡು ಸಲವೂ ನಾನು ಅಲ್ಲೇ ಇದ್ದೆ.

ಒಂದು ಕೊನೆಯ ಪ್ರಶ್ನೆ. ಕಳಸದ ನೀರನ್ನು ತುಳಸಿ ಕಟ್ಟೆಗೆ ಹಾಕಿದೆ. ಕಾಯಿ ಮಾತ್ರ ದೇವರ ಗೂಡಿನಲ್ಲೇ ಇದೆ, ಒಡೆಯೋಕೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಹಾಸನದವಳು:

ಜಾಸ್ತಿ ದಿನ ಇಟ್ಟರೆ ಕೆಟ್ಟುಹೋಗುತ್ತೆ ಕಣಮ್ಮ. ಅಕ್ಕ ಭಾವ ತವರಿಗೆ ಬರುವ ದಿನ ಅಪ್ಪನ ಕೈಲಿ ಒಡೆಸು. ಕಾಯಿ ಹೋಳಿಗೆ ಮಾಡು. ಬೆಲ್ಲದ ಅಳತೆ ಬೇಕಿದ್ದರೆ ಇಲ್ಲೇ ಕೇಳು, ಬರೆಯುತ್ತೇನೆ.